ಅಲಾರ್ಕೋಸಿನ ದೊರೆಯ ಪರವಾಗಿ

ಚರ್ಚಾಸ್ಪರ್ಧೆಯಲ್ಲಿ ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿಯನ್ನು ನಾನು ಧಾರವಾಡದ ಕಾಲೇಜಿನಲ್ಲಿ ಕಲಿತೆ. ತಾವು ಒಪ್ಪದ ಪಕ್ಷವನ್ನು ಒಮ್ಮೆ ಪ್ರಾಮಾಣಿಕವಾಗಿ ವಾದಿಸಿದವರು ಎದುರಾಳಿಯನ್ನು ಸುಲಭವಾಗಿ ಮೂರ್ಖನೆನ್ನಲಾರರು ಎಂಬ ನಂಬಿಕೆ ಅದರ ಹಿಂದಿದೆ. ಟೊರಾಂಟೊದ ನಮ್ಮ ಕನ್ನಡ ಸಂಘದ ಮಕ್ಕಳಿಗೆ ಭಾನುವಾರಗಳಂದು ಚರ್ಚೆ ಕಲಿಸುವ ನಾನು ಈ ನಿಯಮವನ್ನು ಎಂದೂ ಸಡಿಲಿಸಿದವಳಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ವಿಷಯ ಆರಿಸಿದವಳೂ ನಾನೇ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಸ್ಪೇನಿನ ಗಡಿನೆಲವಾದ ಅಲಾರ್ಕೋಸಿನಲ್ಲಿ, ಕ್ಯಾಸ್ಟೀಲಿನ ಕ್ರೈಸ್ತ ದೊರೆ ಸಮುದ್ರ ದಾಟಿ ಬಂದ ಮುಸ್ಲಿಂ ಖಲೀಫನ ಸೈನ್ಯವನ್ನು ಎದುರಿಸಿದ. ಅವನ ಕೋಟೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ನೆರೆರಾಜರ ನೆರವಿನ ದಂಡು ಇನ್ನೂ ದಾರಿಯಲ್ಲಿತ್ತು. ಕಾಯದೆ ಯುದ್ಧಕ್ಕಿಳಿದು ಸೋತ. ಕಾಯದಿದ್ದುದು ಸರಿಯೇ ತಪ್ಪೇ ಎಂಬುದು ಚರ್ಚೆ. ನಮ್ಮ ಮನೆಗಳ ಯಾವ ಜಗಳವೂ ಅಂಟಿಕೊಳ್ಳದಷ್ಟು ದೂರದ ವಿಷಯವೆಂದು ನಾನು ಭಾವಿಸಿದ್ದೆ.

ದೊರೆಯ ನಿರ್ಧಾರ ಸರಿ ಎಂಬ ಚೀಟಿ ಬಂದದ್ದು ಹುಬ್ಬಳ್ಳಿಯ ಮುಸ್ಲಿಂ ಕುಟುಂಬವೊಂದರ ಹುಡುಗಿಗೆ. ಇಲ್ಲೇ ಹುಟ್ಟಿದವಳು, ತಂದೆಗೆ ಏರ್‌ಪೋರ್ಟಿನಲ್ಲಿ ಶಿಫ್ಟಿನ ಕೆಲಸ, ಮನೆ ಅದರ ಪಕ್ಕದ ಮಾಲ್ಟನ್ನಿನಲ್ಲಿ. ಎರಡು ದಿನಗಳ ಬಳಿಕ ಸಂಘದ ಉಪಾಧ್ಯಕ್ಷರು ನನಗೆ ಫೋನ್ ಮಾಡಿದರು.

"ಮೇಡಂ, ಆ ಹುಡುಗಿ ಖಲೀಫನ ಕಡೆ ಮಾತಾಡ್ಲಿ. ನ್ಯಾಚುರಲ್ ಆಗಿರುತ್ತೆ."

"ಈ ಚರ್ಚೇಲಿ ಖಲೀಫನ ಕಡೆ ಅನ್ನೋದೇ ಇಲ್ಲ, ಸಾರ್. ಎರಡೂ ಕಡೆಯವರು ಮಾತಾಡೋದು ಆ ದೊರೆಯ ಬಗ್ಗೆನೇ."

"ಸರಿ, ದೊರೆ ತಪ್ಪು ಮಾಡ್ದ ಅನ್ನೋ ಕಡೆ ಕೊಡಿ. ಜನಕ್ಕೂ ಒಂಚೂರು ಮಜಾ ಬರುತ್ತೆ."

"ಅವಳಿಗೇ ಯಾಕೆ?"

"ಯಾಕೆ ಅಂದ್ರೆ... ನಿಮಗೆ ಗೊತ್ತಲ್ಲ."

"ಗೊತ್ತಿಲ್ಲ. ನೀವೇ ಹೇಳಿ."

ಅವರು ಮತ್ತೆ ಜನರ ಮಜಾದ ಮಾತಿಗೇ ಬಂದರು. ಕ್ಯಾಸ್ಟೀಲಿನದೇ ಒಬ್ಬ ಸರದಾರ ದೊರೆಯೊಡನೆ ಮುನಿದು ಖಲೀಫನ ಪಾಳೆಯದಲ್ಲಿದ್ದ, ಕೋಟೆಯ ಶರಣಾಗತಿಯ ಮಾತುಕತೆ ನಡೆಸಿದವನೂ ಆ ಕ್ರೈಸ್ತನೇ ಎಂದು ನಾನು ವಿವರಿಸಿದೆ. ಎಂಟು ನೂರು ವರ್ಷಗಳ ಹಿಂದಿನ ರಣರಂಗದಲ್ಲೂ ಮನುಷ್ಯ ತನ್ನ ಪಕ್ಷವನ್ನು ತಾನೇ ಆರಿಸಿಕೊಂಡಿದ್ದ.

"ಊಟದ ಟೈಮಿಗೆ ಇದೆಲ್ಲ ಯಾರು ಕೇಳ್ತಾರೆ, ಮೇಡಂ?" ಎಂದು ಅವರು ನಕ್ಕರು.

ನನ್ನಿಂದ ಆಗದ ಕೆಲಸವನ್ನು ಅವರು ಹುಡುಗಿಯ ತಂದೆಯಿಂದ ಮಾಡಿಸಲು ಹೊರಟರು. ಮರುದಿನ ಆತನ ಫೋನ್ ಬಂತು.

"ಬದಲಿ ಮಾಡಿಬಿಡ್ರಿ, ಅಕ್ಕಾರ. ಸುಮ್ನ ಯಾಕ ಮಂದೀನ್ನ ಎದುರು ಹಾಕ್ಕೊಳ್ಳೋದು? ಹುಡುಗಿ ಕೈಯಾಗ ಮೈಕ್ ಕೊಡ್ತಾರಲ್ಲ, ಅಷ್ಟ ಸಾಕ್ರಿ."

ಹಿಂದಿನಿಂದ ತಂದೆಯನ್ನು ಕರೆಯುವ ಹುಡುಗಿಯ ದನಿ ಕೇಳಿಸಿತು: "ಅಬ್ಬಾ, ಐ ಪಿಕ್ಡ್ ಇಟ್. ಬದಲಿ ಮಾಡಿದ್ರ ಐ ಆಮ್ ನಾಟ್ ಗೋಯಿಂಗ್."

"ನೋಡ್ರಿ ನಿಮ್ಮ ಶಿಷ್ಯಾಳ್ನ. ಚಾ ಮಾಡು ಅಂದ್ರೂ ಪರ-ವಿರೋಧ ಶುರು ಮಾಡ್ತಾಳ."

ಆತ ನಗುತ್ತಿದ್ದ. ನನಗೆ ನಗು ಬರಲಿಲ್ಲ. 'ಅಷ್ಟ ಸಾಕು' ಎನ್ನುವ ಅಭ್ಯಾಸವನ್ನು ಆತನಿಗೆ ಕಲಿಸಿದವರು ನಾವು, ಒಂದೇ ನುಡಿಯವರೆಂದು ವೇದಿಕೆಯ ಮೇಲೆ ಎದೆ ತಟ್ಟಿಕೊಳ್ಳುವವರು. ಚೀಟಿ ಬದಲಾದರೆ ನನ್ನ ತರಗತಿಯ ಒಂದು ಮಗುವೂ ವೇದಿಕೆ ಹತ್ತುವುದಿಲ್ಲವೆಂದು ಸಮಿತಿಗೆ ತಿಳಿಸಿದೆ. ಕಾರ್ಯಕ್ರಮಪಟ್ಟಿ ಅಚ್ಚಾಗಿದ್ದುದರಿಂದ ಅವರು ಮಣಿದರು. ನ್ಯಾಯ ತಿಳಿದು ಮಣಿದರೆಂಬ ಭ್ರಮೆ ನನಗಿಲ್ಲ.

ಸ್ಕಾರ್‌ಬರೋದ ಶಾಲೆಯೊಂದರ ಸಭಾಂಗಣದಲ್ಲಿ ಹುಡುಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಕನ್ನಡವನ್ನು ಫೋನಿನಲ್ಲಿ ನೋಡುತ್ತ, ಹುಬ್ಬಳ್ಳಿಯ ಧಾಟಿಯಲ್ಲಿ ದೊರೆಯನ್ನು ಸಮರ್ಥಿಸಿದಳು. ದಂಡಿಗಾಗಿ ಕಾದಿದ್ದರೆ ಅರೆಬರೆ ಕೋಟೆಯೂ ಗಡಿಯೂ ಕೈತಪ್ಪುತ್ತಿದ್ದವು ಎಂದಳು. ನೆರವಿಗೆ ಹೊರಟಿದ್ದ ನೆರೆರಾಜ್ಯ ಲಿಯೋನಿನ ದೊರೆ ಯುದ್ಧದ ನಂತರ ಖಲೀಫನೊಡನೆಯೇ ಕೈಜೋಡಿಸಿದ, ಅಂಥವನಿಗಾಗಿ ಯಾಕೆ ಕಾಯಬೇಕು ಎಂದು ಕೇಳಿದಳು. ಎದುರಾಳಿ ಹುಡುಗಿಯೂ ಚೆನ್ನಾಗಿ ಮಾತನಾಡಿದಳು.

ಆಮೇಲೆ ಉಪಾಧ್ಯಕ್ಷರು ಮೈಕ್ ಹಿಡಿದರು. "ಮುಸ್ಲಿಂ ಮನೆ ಮಗಳಾಗಿ ಕ್ರಿಶ್ಚಿಯನ್ ದೊರೆಯನ್ನ ಸಮರ್ಥಿಸಿದ್ಲಲ್ಲ, ಎಂಥ ದೊಡ್ಡ ಮನಸ್ಸು. ಇದೇ ನಮ್ಮ ಕನ್ನಡತನ."

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಎದುರಾಳಿ ಹುಡುಗಿಯ ಮನಸ್ಸಿನ ಅಳತೆಯನ್ನು ಯಾರೂ ತೆಗೆಯಲಿಲ್ಲ. ಅವಳ ವಾದವನ್ನು ಮಾತ್ರ ತೂಗಿದರು. ಇವಳಿಗೆ ಆ ಮರ್ಯಾದೆಯೂ ಸಿಗಲಿಲ್ಲ. ಮುಖದ ಮೇಲೆ ಬಾಗಿಲು ಮುಚ್ಚಿ ಮಾಡುವ ಅವಮಾನ ಈ ಸಲ ಹಾರ ಹಾಕಿಕೊಂಡು ಬಂದಿತ್ತು, ಮತ್ತು ಅದರ ವಿರುದ್ಧ ಎದ್ದು ಮಾತನಾಡಿದರೆ ನಾನೇ ಸಣ್ಣವಳಾಗುವಂತೆ ಅದನ್ನು ಹೆಣೆಯಲಾಗಿತ್ತು.

ಹುಡುಗಿ ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಮುಖ ಬಿಗಿದಿತ್ತು. "ಆಂಟಿ, ನನ್ನ ಸೆಕೆಂಡ್ ಪಾಯಿಂಟ್ ಯಾರಾದ್ರೂ ಕೇಳಿದ್ರಾ?"

"ನಾನು ಕೇಳಿದೆ. ಅದು ದುರ್ಬಲವಾಗಿತ್ತು," ಎಂದೆ. "ಲಿಯೋನಿನವನು ಆಮೇಲೆ ಏನು ಮಾಡಿದ ಅನ್ನೋದು ಯುದ್ಧದ ದಿನ ದೊರೆಗೆ ಹೇಗೆ ಗೊತ್ತಿರುತ್ತೆ?"

ಬಿಗಿದ ಮುಖ ಸಡಿಲವಾಯಿತು. "ಬಟ್ ಆಂಟಿ, ಮೊದಲಿಂದನೂ ಅವರಿಬ್ಬರ ನಡುವೆ ಜಗಳ ಇತ್ತು. ದಟ್ಸ್ ಎವಿಡೆನ್ಸ್."

"ಹಾಗಿದ್ದರೆ ಅದನ್ನ ವೇದಿಕೆ ಮೇಲೆ ಯಾಕೆ ಹೇಳಲಿಲ್ಲ?"

ಒಳಗೆ ಊಟಕ್ಕೆ ಕರೆಯುತ್ತಿದ್ದರು. ನಾವು ಹೋಗಲಿಲ್ಲ, ಅವಳಿನ್ನೂ ಮಾತು ಮುಗಿಸಿರಲಿಲ್ಲ.