ಟೀಚರ್ ಓದಿ ಹೇಳಿದ ಮೂಕಿಚಿತ್ರ

ಎಡಗೈಯ ಉಣ್ಣೆಗವಸು, ಹೆಬ್ಬೆರಳಿನ ಬುಡದಲ್ಲಿ ಒಂದು ತೂತು. ಮೊನ್ನೆ ಮೈಸೂರಿನ ಫಿಲ್ಮ್ ಸೊಸೈಟಿಯಲ್ಲಿ ಹಳೆಯ ಸ್ವೀಡಿಷ್ ಮೂಕಿಚಿತ್ರವೊಂದನ್ನು ನೋಡುತ್ತಿದ್ದಾಗ ಅದು ಪರದೆಯ ಮೇಲೆ ಕಂಡಿತು. ಚಿತ್ರದ ಹೆಸರಿನಿಂದ ನನಗೆ ಗುರುತು ಸಿಕ್ಕಿರಲಿಲ್ಲ. ಆ ತೂತಿನಿಂದ ಸಿಕ್ಕಿತು.

ಅದನ್ನು ಮೊದಲು ನೋಡಿದ್ದು ತೊಂಬತ್ತರ ಆಗಸ್ಟಿನಲ್ಲಿ, ಕುವೈತಿನ ಸಾಲ್ಮಿಯಾದಲ್ಲಿ, ನಮ್ಮ ಮೇಲಿನ ಮನೆಯ ಟೀಚರ್ ಅವರ ಹಾಲಿನಲ್ಲಿ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಇರಾಕಿ ಸೈನ್ಯ ಕುವೈತಿನೊಳಗೆ ಬಂದು ಕೆಲವು ವಾರಗಳಾಗಿದ್ದವು. ಟೀಚರ್ ಅವರ ಗಂಡ ಅಹ್ಮದಿಯ ತೈಲ ಕಂಪನಿಯಲ್ಲಿ ಎಂಜಿನಿಯರ್. ಸೈನ್ಯ ಬರುವ ಹಿಂದಿನ ದಿನ ರಾತ್ರಿಪಾಳಿಗೆ ಹೋದವರು ಮರಳಿರಲಿಲ್ಲ...

ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಸ್ವೀಡನ್ನಿನಲ್ಲಿದ್ದರಂತೆ. ಟೀಚರ್ ಅಲ್ಲಿನ ಭಾಷೆ ಕಲಿತು, ಕಾದಂಬರಿಗಳನ್ನು ಓದಿ, ಆ ಕಾದಂಬರಿಗಳಿಂದ ಮಾಡಿದ ಹಳೆಯ ಚಿತ್ರಗಳ ವಿಡಿಯೊ ಟೇಪುಗಳನ್ನು ತಂದಿದ್ದರು. ಹೊರಗೆ ಕಾಲಿಡುವಂತಿಲ್ಲದ ಆ ಮಧ್ಯಾಹ್ನಗಳಲ್ಲಿ ಕರ್ಟನ್ ಎಳೆದು ನಮಗೆ ತೋರಿಸುತ್ತಿದ್ದರು. ಸದ್ದಿಲ್ಲದ ಸಿನಿಮಾ, ಕೆಳಗೆ ನಿಂತ ಸೈನಿಕರಿಗೆ ಕೇಳೀತೆಂಬ ಭಯವಿರಲಿಲ್ಲ. ನಡುನಡುವೆ ಬರುವ ಅಕ್ಷರದ ಫಲಕಗಳನ್ನು ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು. "ಕಾದಂಬರೀಲಿ ಇದಕ್ಕೆ ಒಂದಿಡೀ ಅಧ್ಯಾಯ ಇದೆ. ಇಲ್ಲಿ ನೋಡಿ, ಅವಳು ಚಿಲಕ ಮುಟ್ಟಿದ್ದಷ್ಟೇ."

ಆ ಚಿತ್ರದಲ್ಲಿ ಗಂಡ ಹೆಪ್ಪುಗಟ್ಟಿದ ಸರೋವರ ದಾಟಿ ಆಚೆ ದಡಕ್ಕೆ ಹೋಗಿದ್ದಾನೆ. ತೂತುಬಿದ್ದ ಆ ಉಣ್ಣೆಗವಸು ತೊಟ್ಟ ಹೆಂಡತಿ ಈಚೆ ದಡದಲ್ಲಿ ನಿಂತು ಕಾಯುತ್ತಾಳೆ. ಕಾಯುತ್ತಲೇ ಇರುತ್ತಾಳೆ. ನಮ್ಮ ಎದುರು ಮನೆಯ, ಹೋಟೆಲಿನಲ್ಲಿ ಕೆಲಸ ಮಾಡುವ ಉಡುಪಿಯ ಅಂಕಲ್ ಸುಮ್ಮನಿರುವವರಲ್ಲ.

"ಅವಳಿಗೆ ಒಳಗೆ ಹೋಗ್ಲಿಕ್ಕೆ ಹೇಳಿ ಮಾರಾಯ್ರೆ, ನೋಡಿ ನೋಡಿ ನಮಗೇ ಶೀತ ಆಗ್ತದೆ!"

"ನೀವು ಎ.ಸಿ. ಮುಂದೆ ಕೂತಿದ್ದೀರಲ್ಲ, ಅದಕ್ಕೆ. ಈಚೆ ಬನ್ನಿ," ಎಂದರು ಟೀಚರ್. ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ಕೊನೆಯಲ್ಲಿ ಗಂಡ ಹಿಮದ ಮೇಲೆ ನಡೆದು ಬಂದ. ಹಿಂದೆಯೇ ಫಲಕ. ಅದರಲ್ಲಿ ನಾಲ್ಕೈದು ಸಾಲುಗಳಿದ್ದವು. ಟೀಚರ್ ತುಸು ತಡೆದು, "ಅವನು ಮನೆಗೆ ಬಂದ," ಎಂದಷ್ಟೇ ಓದಿದರು.

"ಟೀಚರ್, ಅವನ ಮೈಯೊಳಗಿಂದ ಹಿಂದಿನ ಮರ ಕಾಣ್ತಿದೆಯಲ್ಲ?" ಎಂದೆ.

"ಹಳೇ ಟೇಪ್ ಅಲ್ವಾ ಪುಟ್ಟಿ. ಸವೆದಿದೆ."

ಅಮ್ಮ ಕಣ್ಣೊರೆಸಿಕೊಂಡಳು. ನಮ್ಮ ಜೊತೆ ಊರಿಗೆ ಹೊರಡಿ ಎಂದು ದಿನವೂ ಟೀಚರ್ ಬೆನ್ನು ಹತ್ತಿದ್ದವಳು ಅವತ್ತಿನಿಂದ ಒತ್ತಾಯಿಸುವುದನ್ನು ಬಿಟ್ಟಳು. "ಬಂದ್ರೂ ಬಂದಾರು. ಮನೆಗೆ ಬೀಗ ಹಾಕಿದ್ರೆ ಪಾಪ, ಎಲ್ಲಿಗೆ ಹೋಗ್ತಾರೆ?" ಎಂದು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. ಸೆಪ್ಟೆಂಬರಿನಲ್ಲಿ ನಮಗೆ ಬಸ್ಸು ಸಿಕ್ಕಿತು. ಬಾಗ್ದಾದ್ ಮೂಲಕ ಜೋರ್ಡಾನಿನ ಅಮ್ಮಾನ್, ಅಲ್ಲಿಂದ ವಿಮಾನ. ಹೊರಡುವಾಗ ಟೀಚರ್ ಬಾಲ್ಕನಿಯಲ್ಲಿ ನಿಂತಿದ್ದರು. ಕೈ ಬೀಸಲಿಲ್ಲ. ಕೆಳಗೆ ಸೈನಿಕರಿದ್ದರು...

ತೊಂಬತ್ತೊಂದರಲ್ಲಿ ಯುದ್ಧ ಮುಗಿದು ಹೋಟೆಲಿನ ಅಂಕಲ್ ಕೆಲಸಕ್ಕೆ ಮರಳಿದಾಗ ಟೀಚರ್ ಮನೆಯ ಬಾಗಿಲು ಒಡೆದಿತ್ತಂತೆ. ಒಳಗೆ ಯಾರೂ ಇರಲಿಲ್ಲ. ಶಾಲೆಯವರಿಗೂ ಗೊತ್ತಿಲ್ಲ, ಅವರ ಊರಿನವರಿಗೂ ಸುದ್ದಿಯಿಲ್ಲ. ಅಮ್ಮ ಮಾತ್ರ, ಗಂಡ ಬಂದಿರಬೇಕು, ಇಬ್ಬರೂ ಸ್ವೀಡನ್ನಿಗೆ ಹೋಗಿರಬೇಕು ಎಂದು ಇಷ್ಟು ವರ್ಷಗಳಾದ ಮೇಲೂ ಹೇಳುತ್ತಾಳೆ.

ಮೊನ್ನೆ ಪರದೆಯ ಕೆಳಗೆ ಇಂಗ್ಲಿಷ್ ಅನುವಾದವಿತ್ತು. ಮಂಜುಗಡ್ಡೆ ಬಿರಿದು ಗಂಡ ಮುಳುಗಿ ಸತ್ತಿದ್ದ. ನಡೆದು ಬಂದದ್ದು ಅವನ ಪ್ರೇತ. ಆ ಕಾಲದಲ್ಲಿ ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆದು ಹಾಗೆ ತೋರಿಸುತ್ತಿದ್ದರಂತೆ. ಟೇಪು ಸವೆದಿರಲಿಲ್ಲ. ಟೀಚರ್‌ಗೆ ಅದು ಗೊತ್ತಿತ್ತು. ಅಮ್ಮ ಸುಮ್ಮನಾಗಲೆಂದು ಹಾಗೆ ಓದಿದರೋ, ಅವರಿಗೇ ಆ ಮಾತು ಕೇಳಿಸಿಕೊಳ್ಳಬೇಕಿತ್ತೋ... ವಿಚಾರಿಸಲು ಅವರಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಸೋಸುತ್ತಿದ್ದ ಅಮ್ಮ, "ನಿನ್ನೆ ಯಾವ ಸಿನಿಮಾನೇ?" ಎಂದಳು.

"ಸಾಲ್ಮಿಯಾದಲ್ಲಿ ಟೀಚರ್ ತೋರಿಸಿದ್ರಲ್ಲ, ಅದೇ."

ಅವಳ ಕೈ ನಿಂತಿತು. "ಕೊನೇಲಿ ಗಂಡ ಬರ್ತಾನೆ, ಅಲ್ವಾ?"

"ಬರ್ತಾನಮ್ಮ," ಎಂದೆ. ಲೋಟ ತೆಗೆದುಕೊಂಡು ಬಂದು ಕಿಟಕಿಯ ಬಳಿ, ಅವಳಿಗೆ ನನ್ನ ಮುಖ ಕಾಣದ ಕಡೆ ಕೂತೆ.