ಇಪ್ಪತ್ತೆರಡೋ ಹದಿನೇಳೋ

ನಿಮ್ಮ ತಾತ ಕೋವಿ ಕೊಂಡದ್ದು ಅಳಿಲುಗಳಿಗಾಗಿ. ಸ್ಯಾನ್ ಪೀಡ್ರೊ ಬಂದರಿನ ಕೆಲಸದಿಂದ ರಿಟೈರ್ ಆದಮೇಲೆ ಪೊವೇ ಊರಿನಿಂದ ಆಚೆ, ಗುಡ್ಡದ ಬದಿಯಲ್ಲಿ ಐದು ಎಕರೆ ತೆಗೆದುಕೊಂಡು ಬೆಣ್ಣೆಹಣ್ಣಿನ ಗಿಡ ಹಾಕಿದ್ದರು. ಇಲ್ಲಿ ಅಮೆರಿಕದ ಅಳಿಲು ನಮ್ಮೂರಿನ ಮೂರು ಗೆರೆಯ ಅಳಿಲಲ್ಲ. ಬೆಕ್ಕಿನ ಮರಿಯಷ್ಟು ದಪ್ಪ. ನೆಲದಲ್ಲಿ ಬಿಲ ತೋಡಿಕೊಂಡು ಗುಂಪಾಗಿ ಇರುತ್ತದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಗಿಡಗಳ ಬುಡದ ತೊಗಟೆಯನ್ನೆಲ್ಲ ಸುತ್ತಲೂ ಕೆರೆದು ತಿಂದಿದ್ದವು. ಮೊದಲು ವಿಷದ ಕಾಳು ಇಟ್ಟೆವು. ವಿಷ ತಿಂದ ಇಲಿಯನ್ನೋ ಅಳಿಲನ್ನೋ ತಿಂದು, ನೀರಿನ ಟ್ಯಾಂಕಿನ ಕೆಳಗೆ ಒಂದು ಗೂಬೆ ಸತ್ತುಬಿತ್ತು. ಊರಿನಲ್ಲಾಗಿದ್ದರೆ ಗೂಬೆಗೆ ಯಾರು ಮರುಗುತ್ತಿದ್ದರು? ಇವರು ಅದನ್ನು ಹೂಳಿ ಬಂದು ಅವತ್ತು ಊಟ ಮಾಡಲಿಲ್ಲ. ಮರುವಾರ ಕೋವಿಯ ಮಾತು ತೆಗೆದರು.

ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ಹೊರಗಿನವರ ಎದುರಿಗೆ ಬಾಯಿ ಏಳುತ್ತಿರಲಿಲ್ಲ. ಸೆರಗು ಬಿಗಿಯಾಗಿ ಹೊದ್ದುಕೊಂಡು ಇವರ ಹಿಂದೆ ನಿಂತೆ. ಅಂಗಡಿಯವನು ವಯಸ್ಸಾದ, ಸಮಾಧಾನದ ಮನುಷ್ಯ. ಗಾಜಿನ ಮೇಲೆ ಎರಡು ತೋಟಾ ನಿಲ್ಲಿಸಿದ. ಒಂದಕ್ಕೆ ಇಪ್ಪತ್ತೆರಡು ಅನ್ನುತ್ತಾರೆ, ಮೊಂಡು ಮೂಗಿನ ಸೀಸದ ಗುಂಡು. ಇನ್ನೊಂದು ಹದಿನೇಳು, ತುದಿ ಚೂಪು. ಎರಡೂ ನನ್ನ ಕಿರುಬೆರಳಿಗಿಂತ ಸಣ್ಣವು.

ಅವನು ಹೇಳಿದ್ದನ್ನು ಇವರು ನನಗೆ ಕನ್ನಡದಲ್ಲಿ ಹೇಳಿದರು.

"ಇಪ್ಪತ್ತೆರಡು ನಿಧಾನ ಹೋಗುತ್ತಂತೆ ಕಣೇ. ಸಣ್ಣ ತೂತು, ಅಷ್ಟೆ. ಈ ಹದಿನೇಳು ಭಾಳ ಸ್ಪೀಡು. ತಾಗಿದ ತಕ್ಷಣ ಒಡೆದು ಪುಡಿಪುಡಿ. ಕಲ್ಲಿಗೆ ತಾಗಿದ್ರೂ ಅಲ್ಲೇ ಪುಡಿ. ಅಳಿಲಿಗೆ ತಾಗಿದ್ರೆ..."

"ತಾಗಿದ್ರೆ ಏನ್ರೀ?"

"ಎತ್ತಿ ಹಾಕೋಕೆ ಏನೂ ಉಳಿಯಲ್ಲ."

ಅಂಗಡಿಯವನು ಮತ್ತೇನೋ ಕೇಳಿದ. "ಜಾಗದಲ್ಲಿ ಬಂಡೆ ಇದೆಯಾ ಅಂತಾನೆ. ಇದ್ರೆ ಹದಿನೇಳೇ ತಗೋ ಅಂತಾನೆ," ಎಂದರು. "ನೀನೇನಂತೀಯ? ನನ್ನ ಸೊಂಟ ಬಗ್ಗಲ್ಲ. ಎತ್ತಿ ಹಾಕೋಳು ನೀನೇ."

ನಮ್ಮ ಜಾಗದ ತುಂಬ ಆನೆ ಮಲಗಿದ ಹಾಗೆ ಬಂಡೆಗಳಿರುವುದು ನಿಮಗೆ ಗೊತ್ತು. ನನಗೆ ಕವಣೆ ನೆನಪಾಯಿತು. ಹತ್ತು ವರ್ಷದವಳಿದ್ದಾಗ ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಗಿಳಿ ಓಡಿಸುತ್ತಿದ್ದೆ. ಒಂದು ದಿನ ನಾನು ಬೀಸಿದ ಕಲ್ಲು ಬದುವಿನ ಬಂಡೆಗೆ ಬಡಿದು, ಪುಟಿದು, ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದವಳ ಕಿವಿಯ ಪಕ್ಕ ಹಾರಿಹೋಯಿತು. ಅಪ್ಪ ಅವತ್ತೇ ಕವಣೆ ಕಿತ್ತುಕೊಂಡರು. ಬಂಡೆಗೆ ಬಡಿದದ್ದು ಅಲ್ಲಿಗೇ ನಿಲ್ಲುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೇಳಬೇಕಿತ್ತು. ಆದರೆ ಮೊಟ್ಟೆಯನ್ನೂ ಒಡೆಯದ ಮನೆ ನಮ್ಮದು. ಛಿದ್ರವಾದ ಮೈಯನ್ನು ಸಲಿಕೆಯಲ್ಲಿ ಬಳಿಯುವುದು ಕಣ್ಣಿಗೆ ಕಟ್ಟಿತು.

"ಇಡಿಯಾಗಿ ಉಳಿಯೋದೇ ತಗೊಳ್ರೀ," ಎಂದೆ.

"ಕೊಲ್ಲೋದೂ ನೀಟಾಗಿರ್ಬೇಕಾ ನಿಂಗೆ?" ಎಂದು ನಕ್ಕರು. ಅವರ ಮನಸ್ಸಿನಲ್ಲೂ ಅದೇ ಇತ್ತು ಎಂದು ಕಾಣುತ್ತದೆ. ಬಂಡೆ ಅಲ್ಲೊಂದು ಇಲ್ಲೊಂದು ಅಷ್ಟೆ ಎಂದು ಅಂಗಡಿಯವನಿಗೆ ಹೇಳಿ ಇಪ್ಪತ್ತೆರಡನ್ನೇ ತೆಗೆದುಕೊಂಡರು.

ಅಳಿಲುಗಳೇನೋ ಇಡಿಯಾಗಿ ಉಳಿದವು. ಆದರೆ ಎಲ್ಲವೂ ಬೇಗ ಸಾಯುತ್ತಿರಲಿಲ್ಲ. ಕೆಲವು ಹಿಂಗಾಲು ಎಳೆದುಕೊಂಡು ಬಿಲ ಸೇರಿ, ನೆಲದೊಳಗಿಂದ ಕೀಚು ದನಿಯಲ್ಲಿ ಅಳುತ್ತಿದ್ದವು. ನಾನು ಸಲಿಕೆ ಹಿಡಿದುಕೊಂಡು ಹೊರಗೆ ಕಾಯುತ್ತಿದ್ದೆ. ಎರಡು ಸಲ ಗುಂಡು ಬಂಡೆಗೆ ಬಡಿದು ಸುಂಯ್ ಎಂದು ಹೋದ ಸದ್ದೂ ಕೇಳಿಸಿತು. ಆಗಲೂ ಸುಮ್ಮನಿದ್ದೆ. ಕೊಂಡಾಗಿದೆ, ಈಗ ಹೇಳಿದರೆ ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬ ಸಂಕೋಚ.

ಮೂರನೆಯ ಸಲ ಅದೇ ಸದ್ದಿನ ಹಿಂದೆಯೇ ಇಳಿಜಾರಿನ ಕೆಳಗಿನಿಂದ ಕುದುರೆ ಕಿರುಚಿತು. ಕುದುರೆ ಹಾಗೆ ಕಿರುಚುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಅಮೆರಿಕದ ಮುದುಕಿಯೊಬ್ಬಳು ತನ್ನ ಹಳೆಯ ಹೆಣ್ಣು ಕುದುರೆಯೊಂದಿಗೆ ಒಬ್ಬಳೇ ಇದ್ದಳು. ಬೇಲಿಯ ಹತ್ತಿರ ಹೋದಾಗಲೆಲ್ಲ ನಾನು ಅದಕ್ಕೆ ಗಜ್ಜರಿ ಕೊಡುತ್ತಿದ್ದೆ. ಗುಂಡು ಹೊಟ್ಟೆಯೊಳಗೆ ಹೊಕ್ಕಿತ್ತು. ದನದ ಡಾಕ್ಟರು ಬಂದು ನೋಡಿ, ಮಧ್ಯಾಹ್ನದೊಳಗೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಟ್ಟರು. ಅಷ್ಟು ಹೊತ್ತೂ ಮುದುಕಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಪೊಲೀಸಿನವನು ನಮ್ಮ ಮನೆಗೆ ಬಂದ. ಇಷ್ಟೊಂದು ಬಂಡೆಗಳಿರುವ ಜಾಗದಲ್ಲಿ ಈ ತೋಟಾ ಉಪಯೋಗಿಸು ಎಂದು ಯಾರು ಹೇಳಿದರು ಎಂದು ಕೇಳಿದ.

"ಯಾರೂ ಇಲ್ಲ. ನಾನೇ ಆರಿಸಿದ್ದು," ಎಂದರು ಇವರು. ಜಾಲರಿ ಬಾಗಿಲ ಹಿಂದೆ ನಾನು ನಿಂತಿರುವುದು ಗೊತ್ತಿದ್ದೂ ತಿರುಗಿ ನೋಡಲಿಲ್ಲ.

ಕೋವಿ ಮನೆಯಿಂದ ಹೋಯಿತು. ಇವರು ತೋಟದ ಕೆಳಭಾಗಕ್ಕೆ ಮತ್ತೆ ಇಳಿಯಲಿಲ್ಲ. ಅಲ್ಲಿಯ ಗಿಡಗಳು ಒಣಗಿದವು. ಮರುವರ್ಷ ಎದೆನೋವಿನಿಂದ ತೀರಿಕೊಂಡರು. ಅಲ್ಲಿಯವರೆಗೆ ಒಂದು ದಿನವೂ "ನೀನೇ ಅಲ್ವಾ ಹೇಳಿದ್ದು" ಅನ್ನಲಿಲ್ಲ. ಅಂದಿದ್ದರೆ ನಾನೂ ಕವಣೆಯ ವಿಷಯ ಹೇಳಿ ಅತ್ತುಬಿಡುತ್ತಿದ್ದೆನೇನೋ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಮುದುಕಿಯ ಮನೆಗೆ ಇಳಿದುಹೋದೆ. ಅವಳು ಖಾಲಿ ಬೇಲಿಯೊಳಗಿನ ಮರಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ಅವಳನ್ನು ನೋಡಿದ ಕೂಡಲೇ ಚದುರಿಹೋಯಿತು.

"ದಟ್ ಬುಲೆಟ್... ನಾಟ್ ಮೈ ಹಸ್ಬೆಂಡ್. ಐ ಸೆಡ್. ಸ್ಟೋನ್, ಜಂಪ್. ಐ ನೋ."

ನಿನಗೆ ಮೊದಲೇ ಗೊತ್ತಿತ್ತೆಂಬುದು ನಿನ್ನ ಗಂಡನಿಗೆ ಗೊತ್ತಿತ್ತೇ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ.

"ಪೂರ್ ಮ್ಯಾನ್," ಎಂದಳು. ಮತ್ತೆ ನೀರಿನ ಕಡೆ ತಿರುಗಿದಳು.

ಕಳೆದ ಸಲ ಬಂದಾಗ ದೊಡ್ಡ ಬಂಡೆಯ ಮೇಲಿನ ಬೂದು ಗೆರೆಯನ್ನು ಉಗುರಿನಿಂದ ಕೆರೆಯುತ್ತಾ, ಇದೇನು ಎಂದು ನೀವು ಇಂಗ್ಲಿಷಿನಲ್ಲಿ ಕೇಳಿದಿರಿ. ಪೇಂಟ್ ಎಂದೆ. ಅದು ಪೇಂಟಲ್ಲ, ಆ ಗುಂಡು ಬಿಟ್ಟ ಸೀಸ, ವಿಷ. ಕೈ ತೊಳೆದುಕೊಳ್ಳಿ ಎಂದಾದರೂ ಆಗ ಹೇಳಬೇಕಿತ್ತು.