ಕೊನೇ ಡಾಕ್ಟರು ಮತ್ತು ನದಿಗೆ ಬಿದ್ದ ದರ್ಜಿ

ಆಸ್ಪತ್ರೆಯವರೆಲ್ಲ ಆಕೆಯನ್ನು ಕೊನೇ ಡಾಕ್ಟರು ಎಂದೇ ಕರೆಯುತ್ತಿದ್ದರು. ಆ ದೊಡ್ಡ ನಗರದಲ್ಲಿ ಯಾರಾದರೂ ಕಾರಣ ತಿಳಿಯದೆ ಸತ್ತರೆ, ದೇಹ ಕಟ್ಟಕಡೆಗೆ ಬಂದು ಮಲಗುತ್ತಿದ್ದುದು ಆಕೆಯ ಮೇಜಿನ ಮೇಲೆ. "ನನ್ನ ಹೆಂಡ್ತಿ ಪುಣ್ಯವಂತೆ. ಇವತ್ತಿನವರೆಗೆ ಒಬ್ಬ ಪೇಷೆಂಟೂ ದೂರು ಕೊಟ್ಟಿಲ್ಲ" ಎಂದು ಗಂಡ ನೆಂಟರ ಮುಂದೆ ತಮಾಷೆ ಮಾಡುತ್ತಿದ್ದ. ಆಕೆಯೂ ನಗುತ್ತಿದ್ದಳು.

ಶವಾಗಾರ ನೆಲಮಾಳಿಗೆಯಲ್ಲಿತ್ತು. ಗೋಡೆಯ ಮೇಲ್ತುದಿಯ ಗಾಜಿನಲ್ಲಿ ಬೀದಿಯವರ ಕಾಲುಗಳಷ್ಟೇ ಕಾಣುತ್ತಿದ್ದವು. ಅವರ ನೆರಳು ಬಿಳಿ ನೆಲದ ಮೇಲೆ ತೇಲಿಹೋಗುವಾಗ ಇಡೀ ಕೋಣೆ ತಿಳಿನೀರಿನ ತಳದಲ್ಲಿದೆಯೇನೋ ಅನಿಸುತ್ತಿತ್ತು. ಅಲ್ಲಿ ಆಕೆಯ ದನಿ ತಾನಾಗಿಯೇ ತಗ್ಗುತ್ತಿತ್ತು, ಯಾರಿಗೋ ಎಚ್ಚರವಾಗಿಬಿಡುತ್ತದೆ ಎಂಬಂತೆ. "ಸ್ವಲ್ಪ ಈ ಕಡೆ ತಿರುಗಣ್ಣಾ" ಎನ್ನುತ್ತಲೇ ದೇಹವನ್ನು ಹೊರಳಿಸುತ್ತಿದ್ದಳು.

ಒಂದು ದಿನ ನದಿಯಿಂದ ತೆಗೆದ ದರ್ಜಿಯೊಬ್ಬನನ್ನು ತಂದರು. ಸೇತುವೆಯಿಂದ ಹಾರಿಕೊಂಡ ಎಂದು ನೋಡಿದವರು ಹೇಳಿದ್ದರು. ಪೊಲೀಸಿನವನೂ ಅದನ್ನೇ ನಂಬಿದ್ದ. ಹೊರಗಿನ ಬೆಂಚಿನ ಮೇಲೆ ದರ್ಜಿಯ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಅವನ ಅಕ್ಕ, ಮುಖ ತಿರುಗಿಸಿಕೊಂಡು.

"ಬೆಳಿಗ್ಗೆ ಜಗಳ ಆಡಿದ್ಯಂತೆ" ಎಂದಳು ಅಕ್ಕ.

"ಆಡ್ದೆ. ಎಲ್ಲಾದ್ರೂ ಹೋಗಿ ಸಾಯಿ ಅಂದ್ಬಿಟ್ಟೆ."

ಕೈಗವಸು ತೊಡುತ್ತಿದ್ದ ಡಾಕ್ಟರಿಗೆ ಅದು ಕೇಳಿಸಿತು. ದರ್ಜಿಯ ಹೆಬ್ಬೆರಳಿನ ತುಂಬ ಸೂಜಿ ಚುಚ್ಚಿದ ಹಳೆಯ ಕಲೆಗಳಿದ್ದವು. ಮುಳುಗಿ ಸತ್ತವರ ಉಸಿರುನಾಳದಲ್ಲಿ ಕಾಣುವ ನೊರೆ ಇವನಲ್ಲಿ ಇರಲಿಲ್ಲ. ಎದೆ ತೆರೆದಾಗ ಹೃದಯದ ಸುತ್ತಲೂ ರಕ್ತ ಮಡುಗಟ್ಟಿತ್ತು.

ಆಕೆ ಕೈ ತೊಳೆದು ಬಂದು ಬೆಂಚಿನ ಮೇಲೆ ಅವರ ನಡುವೆಯೇ ಕೂತಳು.

"ಅವರು ಹಾರಿಲ್ಲಮ್ಮ. ಎದೆಯೊಳಗಿನ ದೊಡ್ಡ ರಕ್ತನಾಳ ಒಡೆದಿತ್ತು. ನಿಂತಲ್ಲೇ ಕಣ್ಣು ಕತ್ತಲೆ ಬಂದು ಸೇತುವೆ ಕಟ್ಟೆಯಾಚೆ ವಾಲಿದ್ದಾರೆ. ನೀರು ಮುಟ್ಟೋದ್ರೊಳಗೆ ಜೀವ ಹೋಗಿತ್ತು."

ಹೆಂಡತಿ ತನ್ನ ಅಂಗೈ ನೋಡಿಕೊಂಡಳು. "ನನ್ನ ಮಾತಿಂದ ಒಡೀತಾ?"

ಇಲ್ಲ ಎಂದುಬಿಡುವುದು ಡಾಕ್ಟರಿಗೆ ಸುಲಭವಾಗಿತ್ತು. "ಅದು ನನಗೂ ಗೊತ್ತಾಗಲ್ಲ. ಆದ್ರೆ ಆ ನಾಳ ವರ್ಷಗಟ್ಟಲೆ ತೆಳ್ಳಗಾಗ್ತಾ ಬಂದಿತ್ತು, ನಾನೇ ಮುಟ್ಟಿ ನೋಡಿದ್ದೀನಿ. ಮೆಟ್ಟಿಲು ಹತ್ತಿದ್ರೂ ಒಡೀತಿತ್ತು, ನಕ್ಕಿದ್ರೂ ಒಡೀತಿತ್ತು."

"ನಕ್ಕಿದ್ರೂನಾ?"

"ನಕ್ಕಿದ್ರೂ."

ಅಕ್ಕ ಈಗ ಇತ್ತ ತಿರುಗಿದಳು. "ಬೆನ್ನು ನೋವು ಅಂತಿದ್ದ ಕಣೇ. ಮಿಷನ್ ಮುಂದೆ ಕೂತೂ ಕೂತೂ ಬಂದಿದೆ, ಸುಮ್ನಿರೋ ಅಂದವಳು ನಾನೇ."

ಇಬ್ಬರೂ ಕೈ ಹಿಡಿದುಕೊಂಡೇ ಒಳಗೆ ಹೋಗಿ ಅವನನ್ನು ನೋಡಿದರು. ಹೆಂಡತಿ ಅವನ ಒದ್ದೆ ಕೂದಲನ್ನು ಬೆರಳಲ್ಲೇ ಬಾಚಿ, ಬೈತಲೆ ಸರಿಮಾಡಿದಳು.

ಆ ಸಂಜೆ ಡಾಕ್ಟರು ಮನೆಯಲ್ಲಿ ಕುರ್ಚಿಗೊರಗಿದವಳು ಹಾಗೇ ನಿದ್ದೆಹೋದಳು. ಕನಸಿನಲ್ಲಿ ದರ್ಜಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಆಕೆಯ ಬಿಳಿ ಕೋಟಿಗೆ ಅಳತೆ ತೆಗೆಯುತ್ತಿದ್ದ. "ತೋಳು ಒಂಚೂರು ಉದ್ದ ಇಡ್ಲಾ, ಡಾಕ್ಟ್ರೇ?"

"ಇಡಿ" ಎಂದು ಆಕೆ ಕೈ ಚಾಚಿದಳು. ಗಂಡ ಹೊದಿಕೆ ತಂದಾಗಲೂ ಆ ಕೈ ಗಾಳಿಯಲ್ಲೇ ಇತ್ತು; ಅವನು ಅದನ್ನು ಮೆಲ್ಲಗೆ ಇಳಿಸಿ ಹೊದಿಸಿದ.